ಐದು ಮಿಲಿಮೀಟರ್ ಕಿರಣಕ್ಕೆ ಯಾವ ಅಳತೆಗೋಲು?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಕತ್ತಿ ಹಿಡಿಯದೆ, ಸಪೂರ ವಿಕಿರಣ ಕಿರಣಗಳನ್ನು ಹತ್ತಾರು ದಿಕ್ಕಿನಿಂದ ಒಂದೇ ಬಿಂದುವಿಗೆ ಹರಿಸಿ ಮೆದುಳಿನ ಸಣ್ಣ ಗಡ್ಡೆಗಳಿಗೆ ಮಾಡುವ ಚಿಕಿತ್ಸೆ ರೇಡಿಯೋಸರ್ಜರಿ. ಕಳೆದ ಸಂಚಿಕೆಯಲ್ಲಿ ಅದರ ಬಗ್ಗೆ ಬರೆದ ಮೇಲೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಅನುಮಾನದ ಸುತ್ತ ಇವೆ: ಕಡಲೆಕಾಳಿಗಿಂತ ಸಣ್ಣ ಜಾಗಕ್ಕೆ ಬೀಳುವ ಡೋಸ್ ಸರಿಯಿದೆ ಎಂದು ಹೇಳುವವರು ಯಾರು, ಹೇಗೆ? ಹಾಗಾಗಿ ಈ ಸಲದ ಪುಟಗಳೆಲ್ಲ ಅದಕ್ಕೇ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಕಿವಿಯ ನರದ ಮೇಲೆ ಗಡ್ಡೆ ಇದೆ. ಬೆಂಗಳೂರಿನಲ್ಲಿ ತೋರಿಸಿದೆವು. ಒಂದೇ ದಿನ ಕರೆಂಟ್ (ವಿಕಿರಣ) ಕೊಟ್ಟು ಕಳಿಸುತ್ತೇವೆ ಅಂದರು. ನಮ್ಮ ಬೀದಿಯಲ್ಲೇ ಒಬ್ಬರಿಗೆ ಗಂಟಲಿಗೆ 35 ದಿನ ಕರೆಂಟ್ ಕೊಟ್ಟಿದ್ದರು. ಅಷ್ಟೂ ದಿನದ್ದನ್ನು ಒಂದೇ ಸಲ ಕೊಟ್ಟರೆ ವಯಸ್ಸಾದವರು ತಡೆದುಕೊಳ್ಳುತ್ತಾರೆಯೇ? – ಸಕಲೇಶಪುರದ ಓದುಗರು

ಉತ್ತರ: ಅಷ್ಟನ್ನೂ ಕೊಡುವುದಿಲ್ಲ. ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 35 ದಿನ, ಒಟ್ಟು 70 ಗ್ರೇ (ಗ್ರೇ ಎಂಬುದು ವಿಕಿರಣದ ಡೋಸಿನ ಮಾನ). ಕಿವಿಯ ನರದ ಗಡ್ಡೆಗೆ ಒಂದೇ ಸಲಕ್ಕೆ ಗಡ್ಡೆಯ ಅಂಚಿನಲ್ಲಿ 12–13 ಗ್ರೇ. ಒಟ್ಟು ಲೆಕ್ಕದಲ್ಲಿ ಕಡಿಮೆ, ಒಂದು ದಿನದ ಲೆಕ್ಕದಲ್ಲಿ ಆರು ಪಟ್ಟು. ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗಡ್ಡೆಯಲ್ಲಿ ಮಾತ್ರ ಸೇರುವುದರಿಂದ ದಾರಿಯಲ್ಲಿರುವ ಮೆದುಳಿಗೆ ಬೀಳುವುದು ಸ್ವಲ್ಪವೇ. ವಯಸ್ಸಾದವರಿಗೆ ತೆರೆದ ಶಸ್ತ್ರಚಿಕಿತ್ಸೆಗಿಂತ ಇದು ಹಗುರ ಎಂಬ ಕಾರಣಕ್ಕೇ ಎಷ್ಟೋ ಸಲ ಇದನ್ನು ಆರಿಸುತ್ತಾರೆ.

ನಿಮ್ಮ ಆತಂಕದಲ್ಲಿ ನಿಜವಾಗಿ ಹುರುಳಿರುವುದು ಇನ್ನೊಂದು ಕಡೆ. 35 ದಿನದ ಚಿಕಿತ್ಸೆಯಲ್ಲಿ ಒಂದು ದಿನ ತಲೆ 2 ಮಿ.ಮೀ. ಸರಿದರೆ ಉಳಿದ 34 ದಿನ ಅದನ್ನು ಸರಿದೂಗಿಸುತ್ತವೆ. ಇಲ್ಲಿ ಎರಡನೇ ದಿನವೇ ಇಲ್ಲ. ಕಿವಿಯ ನರದ ಪಕ್ಕದಲ್ಲೇ ಮಿದುಳುಕಾಂಡ ಇದೆ. ಕಣ್ಣಿನ ನರದ ಬಳಿಯ ಗಡ್ಡೆಗಳಲ್ಲಂತೂ ಆ ನರಕ್ಕೆ 8–10 ಗ್ರೇ ದಾಟದಂತೆ ನೋಡಿಕೊಳ್ಳುತ್ತಾರೆ. ಮುಖದ ನರದ ಸಿಡಿಯುವ ನೋವಿಗೆ, ಅಂದರೆ ಟ್ರೈಜಮಿನಲ್ ನ್ಯೂರಾಲ್ಜಿಯಾಗೆ, 4 ಮಿ.ಮೀ. ಕಿರಣದಿಂದ ನರದ ಒಂದು ಚುಕ್ಕೆಗೆ 80–90 ಗ್ರೇ ಕೊಡುತ್ತಾರೆ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆಗೆ ಅದರ ಸಣ್ಣ ಪಾಲಷ್ಟೇ ಬೀಳಬೇಕು. ಆದ್ದರಿಂದ ಚಿಕಿತ್ಸೆಯ ದಿನಕ್ಕಿಂತ ಹೆಚ್ಚಿನ ಕೆಲಸ ಅದರ ಹಿಂದಿನ ಅಳತೆಗಳಲ್ಲಿ ಇರುತ್ತದೆ.

ಪ್ರಶ್ನೆ: 10 ಸೆಂ.ಮೀ. ಅಗಲದ ಕಿರಣವನ್ನು ದಶಕಗಳಿಂದ ಅಳೆಯುತ್ತಿದ್ದಾರೆ. ಅದನ್ನೇ ಸಣ್ಣದು ಮಾಡಿದರೆ ಅಳತೆಯ ಭೌತಶಾಸ್ತ್ರ ಏಕೆ ಬದಲಾಗಬೇಕು? – ಭೌತಶಾಸ್ತ್ರ ಉಪನ್ಯಾಸಕರು, ಹಾಸನ

ಉತ್ತರ: ಕಿರಣದ ಅಗಲ ಒಂದು ಮಿತಿಗಿಂತ ಕೆಳಗಿಳಿದಾಗ ಮೂರು ಸಂಗತಿಗಳು ಒಟ್ಟಿಗೆ ಕೈಕೊಡುತ್ತವೆ.

ಮೊದಲನೆಯದು ಎಲೆಕ್ಟ್ರಾನುಗಳ ಕೊಡು-ಕೊಳ್ಳುವಿಕೆ. ಎಕ್ಸ್-ರೇ ಫೋಟಾನ್ ತಾನೇ ಡೋಸ್ ಕೊಡುವುದಿಲ್ಲ. ಅದು ಎಲೆಕ್ಟ್ರಾನನ್ನು ಒದ್ದು ಓಡಿಸುತ್ತದೆ, ಡೋಸ್ ಕೊಡುವುದು ಆ ಎಲೆಕ್ಟ್ರಾನ್. ನಿಮ್ಮ ಜಿಲ್ಲೆಯವರಿಗೆ ಸ್ಪ್ರಿಂಕ್ಲರ್ ಉದಾಹರಣೆ ಸಾಕು. ರೋಬಸ್ಟಾಗೆ ಹೂವಿನ ನೀರು ಕೊಡುವಾಗ ಸಾಲಿನ ನಡುವಿನ ಗಿಡಕ್ಕೆ ತನ್ನ ಪಕ್ಕದ ಸ್ಪ್ರಿಂಕ್ಲರಿನ ನೀರಷ್ಟೇ ಅಲ್ಲ, ಅಕ್ಕಪಕ್ಕದವುಗಳ ಎರಚಲೂ ಬೀಳುತ್ತದೆ. ತನ್ನದು ಎಷ್ಟು ಆಚೆ ಹೋಗುತ್ತದೋ ಅಷ್ಟೇ ಆಚೆಯಿಂದ ಬರುತ್ತದೆ. ತೋಟದ ಅಂಚಿನಲ್ಲಿ ಹೋಗುವುದುಂಟು, ಬರುವುದಿಲ್ಲ. 6 ಎಂವಿ (ಮೆಗಾವೋಲ್ಟ್) ಕಿರಣದ ಎಲೆಕ್ಟ್ರಾನುಗಳು ನೀರಿನಲ್ಲಿ ಅಡ್ಡಡ್ಡ ಸುಮಾರು 1.2 ಸೆಂ.ಮೀ.ವರೆಗೆ ಪರಿಣಾಮ ಬೀರುತ್ತವೆ. ಕಿರಣದ ಅರ್ಧ ಅಗಲ ಇದಕ್ಕಿಂತ ಕಡಿಮೆಯಾದರೆ ಇಡೀ ಕಿರಣವೇ ಅಂಚು. ನಡುಭಾಗ ಎಂಬುದೇ ಉಳಿಯುವುದಿಲ್ಲ. ಡೋಸ್ ತಟ್ಟನೆ ಬೀಳುತ್ತದೆ. 10×10 ಸೆಂ.ಮೀ. ಕಿರಣದ ಡೋಸನ್ನು 1 ಎಂದುಕೊಂಡರೆ, ಅದೇ ಯಂತ್ರಕ್ಕೆ 5 ಮಿ.ಮೀ. ಕೋನ್ (ಕಿರಣವನ್ನು ದುಂಡಗೆ, ಸಪೂರ ಮಾಡುವ ಲೋಹದ ಕೊಳವೆ) ಹಾಕಿದಾಗ ಅದು ಸುಮಾರು 0.6ಕ್ಕೆ ಇಳಿದಿರುತ್ತದೆ. ಈ ಅನುಪಾತಕ್ಕೆ ಔಟ್‌ಪುಟ್ ಫ್ಯಾಕ್ಟರ್ ಎನ್ನುತ್ತಾರೆ. ಮುಂದೆ ಹಲವು ಸಲ ಬರುವ ಪದ.

ಎರಡನೆಯದು ಕಿರಣದ ಮೂಲ. ಲಿನಾಕ್‌ನ, ಅಂದರೆ ಚಿಕಿತ್ಸೆಯ ಕಿರಣ ಹೊರಡಿಸುವ ಯಂತ್ರದ, ಒಳಗೆ ಎಕ್ಸ್-ರೇ ಹುಟ್ಟುವ ಜಾಗ ಗಣಿತದ ಬಿಂದುವಲ್ಲ, ಅದಕ್ಕೂ ಮಿಲಿಮೀಟರ್ ಲೆಕ್ಕದ ಅಗಲ ಇದೆ. ಕಿರಣದ ಅಗಲ ನಿರ್ಧರಿಸುವ ಕೊಲಿಮೇಟರಿನ ಕಿಂಡಿ ತೀರ ಕಿರಿದಾದಾಗ ರೋಗಿಯ ಕಡೆಯಿಂದ ನೋಡಿದರೆ ಆ ಮೂಲದ ಒಂದು ಪಾಲು ಮರೆಯಾಗುತ್ತದೆ, ಬಾಗಿಲ ಸಂದಿಯಿಂದ ದೀಪ ನೋಡಿದ ಹಾಗೆ. ಎರಡೂ ಬದಿಯ ಅರೆನೆರಳುಗಳು, ಅಂದರೆ ಪೆನಂಬ್ರಾಗಳು, ಒಂದರ ಮೇಲೊಂದು ಬಿದ್ದು ನಡುವಿನ ಡೋಸಿನ ಶಿಖರ ತಗ್ಗುತ್ತದೆ. ಶಿಖರ ತಗ್ಗಿದ್ದರಿಂದ ಅದರ ಅರ್ಧ ಎತ್ತರದಲ್ಲಿ ಅಳೆದ ಅಗಲ ಹಿಗ್ಗುತ್ತದೆ. ಪರದೆಯ ಮೇಲೆ ಒಂದು ಅಗಲ ಹೊಂದಿಸಿದ್ದರೂ ಅಳೆದಾಗ ಇನ್ನೊಂದು ಬರುವುದು ಇದರಿಂದಲೇ.

ಮೂರನೆಯದು ಅಳೆಯುವ ಉಪಕರಣದ, ಅಂದರೆ ಡಿಟೆಕ್ಟರಿನ, ಗಾತ್ರ. ಎಲ್ಲ ರೇಡಿಯೋಥೆರಪಿ ವಿಭಾಗಗಳಲ್ಲೂ ಇರುವ ಫಾರ್ಮರ್ ಚೇಂಬರ್ ಒಂದು ಅಯಾನ್ ಚೇಂಬರ್, ಅಂದರೆ ಗೂಡಿನ ಗಾಳಿಯಲ್ಲಿ ಹುಟ್ಟುವ ಅಯಾನುಗಳಿಂದ ಡೋಸ್ ಅಳೆಯುವ ಉಪಕರಣ. ಅದರ ಗಾಳಿಗೂಡು 0.6 ಘನ ಸೆಂ.ಮೀ.; ಉದ್ದ 23–24 ಮಿ.ಮೀ., ಅಡ್ಡಳತೆ 6 ಮಿ.ಮೀ. ಆಸುಪಾಸು. 5 ಮಿ.ಮೀ. ಕಿರಣದಲ್ಲಿ ಇಟ್ಟರೆ ಅದರ ಬಹುಭಾಗ ಕತ್ತಲೆಯಲ್ಲಿರುತ್ತದೆ. ಅದು ತೋರಿಸುವುದು ಶಿಖರದ ಡೋಸನ್ನಲ್ಲ, ಶಿಖರ-ಕಣಿವೆ ಎರಡರ ಸರಾಸರಿಯನ್ನು. ಮಳೆಮಾಪಕವನ್ನು ಅಂಗಳದ ಯಾವ ಮೂಲೆಯಲ್ಲಿಟ್ಟರೂ ನಡೆಯುವುದು ಮಳೆ ಎಲ್ಲೆಡೆ ಒಂದೇ ಸಮ ಬೀಳುವುದರಿಂದ. ಕೊಳಾಯಿಯ ನೂಲುಧಾರೆಯ ಕೆಳಗೆ ಅದೇ ಮಾಪಕ ಇಟ್ಟು "ಇಷ್ಟು ಸೆಂಟ್ಸ್ ಮಳೆ" ಎಂದು ಓದಿದರೆ ಧಾರೆಯ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ.

ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಕಿರಣದ ಅಡ್ಡಚಿತ್ರ ಗೌಸಿಯನ್ (ಗಂಟೆಯಂಥ) ಆಕಾರದ್ದು, ಅರ್ಧ ಎತ್ತರದಲ್ಲಿ 5 ಮಿ.ಮೀ. ಅಗಲ ಎಂದುಕೊಳ್ಳಿ. 5 ಮಿ.ಮೀ. ಅಡ್ಡಳತೆಯ ದುಂಡು ಡಿಟೆಕ್ಟರ್ ಇದರಲ್ಲಿ ಶಿಖರಕ್ಕಿಂತ ಸುಮಾರು 28% ಕಡಿಮೆ ಓದುತ್ತದೆ. 10 ಮಿ.ಮೀ. ಕಿರಣದಲ್ಲಿ 6 ಮಿ.ಮೀ. ಡಿಟೆಕ್ಟರ್ ಇಟ್ಟರೆ ಸುಮಾರು 12% ಕಡಿಮೆ. ನಿಜವಾದ ಕಿರಣದ ನೆತ್ತಿ ಗೌಸಿಯನ್‌ಗಿಂತ ತುಸು ಚಪ್ಪಟೆ ಇರುವುದರಿಂದ ತಪ್ಪು ಇಷ್ಟಿರಲಾರದು. ಆದರೆ ರೇಡಿಯೋಥೆರಪಿಯಲ್ಲಿ 5% ತಪ್ಪೇ ದೊಡ್ಡದು.

ಗಾತ್ರದ ಜೊತೆ ಸಾಂದ್ರತೆಯೂ ಕಾಡುತ್ತದೆ. ಚೇಂಬರಿನಲ್ಲಿ ಗಾಳಿ, ನೀರಿಗಿಂತ ತೀರ ಹಗುರ. ಸಣ್ಣ ಕಿರಣದಲ್ಲಿ ಅದು ಮತ್ತಷ್ಟು ಕಡಿಮೆ ಓದುತ್ತದೆ. ಡಯೋಡ್ ಎಂಬ ಇನ್ನೊಂದು ಬಗೆಯ ಡಿಟೆಕ್ಟರಿನಲ್ಲಿ ಇರುವುದು ಸಿಲಿಕಾನ್, ನೀರಿಗಿಂತ 2.3 ಪಟ್ಟು ಭಾರ. ಕಿರಣ ತೀರ ಸಣ್ಣದಾದಾಗ ಅದು ಹೆಚ್ಚು ಓದುತ್ತದೆ. ಎರಡು ಉಪಕರಣ, ಎರಡು ದಿಕ್ಕಿನ ಸುಳ್ಳು.

ಪ್ರಶ್ನೆ: ಚೇಂಬರ್ ಕಡಿಮೆ ತೋರಿಸುತ್ತದೆ ಎಂದರೆ ರೋಗಿಗೆ ಡೋಸ್ ಕಡಿಮೆ ಹೋಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ, ಅಷ್ಟೇ ತಾನೆ? ಅದರಿಂದ ಹಾನಿಯಾಯಿತು ಎಂದು ಓದಿದೆ. ತಾಳೆಯಾಗಲಿಲ್ಲ. – ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ತಾಳೆಯಾಗದೆ ಇರುವುದು ಸಹಜ, ಹೊಸದಾಗಿ ಕಲಿಯುವವರೂ ಇಲ್ಲೇ ಎಡವುತ್ತಾರೆ. ನಿಮ್ಮ ಮಳೆಮಾಪಕದ ತಳ ಸೋರುತ್ತಿದೆ ಎಂದುಕೊಳ್ಳಿ. ತೋಟಕ್ಕೆ ಒಂದೂವರೆ ಇಂಚು ನೀರು ಬಿದ್ದಿದೆ, ಮಾಪಕ ಒಂದೇ ಇಂಚು ಎನ್ನುತ್ತಿದೆ. ನೀವೇನು ಮಾಡುತ್ತೀರಿ? ಮೋಟಾರ್ ಆರಿಸದೆ ಇನ್ನೂ ಓಡಿಸುತ್ತೀರಿ. ಇಲ್ಲಿಯೂ ಅದೇ. ನಿಜವಾದ ಔಟ್‌ಪುಟ್ ಫ್ಯಾಕ್ಟರ್ 0.6 ಇದ್ದಲ್ಲಿ ಅಳತೆಗಾರ 0.42 ಎಂದು ಬರೆದುಕೊಟ್ಟರೆ, ಪ್ಲಾನಿಂಗ್ ಕಂಪ್ಯೂಟರ್ "ಈ ಕಿರಣ ಬಲು ದುರ್ಬಲ" ಎಂದು ನಂಬಿ ಯಂತ್ರವನ್ನು ಹೆಚ್ಚು ಹೊತ್ತು ಓಡಿಸುತ್ತದೆ. 0.6ನ್ನು 0.42ರಿಂದ ಭಾಗಿಸಿ: 1.43. ರೋಗಿಗೆ 43% ಹೆಚ್ಚು.

ಇದು ಕಾಗದದ ಮೇಲಿನ ಭಯವಲ್ಲ. ಫ್ರಾನ್ಸಿನ ಟುಲೂಸ್‌ನಲ್ಲಿ 2006ರ ಏಪ್ರಿಲಿನಿಂದ 2007ರ ಏಪ್ರಿಲ್‌ವರೆಗೆ 145 ರೋಗಿಗಳಿಗೆ ಹೆಚ್ಚು ಡೋಸ್ ಹೋಯಿತು. ಸಣ್ಣ ಕಿರಣಗಳನ್ನು ಅವುಗಳಿಗೆ ತಕ್ಕದ್ದಲ್ಲದ ದೊಡ್ಡ ಚೇಂಬರಿನಲ್ಲಿ ಅಳೆದದ್ದೇ ಕಾರಣ. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2004ರಿಂದ 2009ರವರೆಗೆ 76 ರೋಗಿಗಳಿಗೆ ಸುಮಾರು 50% ಹೆಚ್ಚು ಹೋಯಿತು. ಅಲ್ಲಿಯೂ ಅದೇ ತಪ್ಪು.

ಐದು ವರ್ಷ ಯಾರಿಗೂ ಕಾಣಲಿಲ್ಲವೇ ಎಂದು ಕೇಳಬಹುದು. ಕಾಣುವುದು ಕಷ್ಟ. ಪ್ರತಿ ಬೆಳಿಗ್ಗೆ ಮಾಡುವ ತಪಾಸಣೆ ದೊಡ್ಡ ಕಿರಣದ್ದು, ಸಾಮಾನ್ಯವಾಗಿ 10×10 ಸೆಂ.ಮೀ. ಅದು ಸರಿಯೇ ಇರುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ ಅಂಚೆಯಲ್ಲಿ ಟಿಎಲ್‌ಡಿ ಎಂಬ, ಬಿದ್ದ ಡೋಸನ್ನು ನೆನಪಿಟ್ಟುಕೊಳ್ಳುವ ಬಿಲ್ಲೆ ಕಳಿಸಿ ನಡೆಸುವಂಥ ಪರೀಕ್ಷೆ ಬಹಳ ಉಪಯುಕ್ತ, ಆದರೆ ಅದೂ ಮುಖ್ಯವಾಗಿ ಪ್ರಮಾಣಿತ ಕಿರಣವನ್ನೇ ನೋಡುತ್ತದೆ. ತಪ್ಪು ಇರುವುದು ಸಣ್ಣ ಕಿರಣದ ಒಂದು ಕೋಷ್ಟಕದಲ್ಲಿ. ಅದನ್ನು ಯಂತ್ರ ಬಂದಾಗ ಒಮ್ಮೆ ತುಂಬುತ್ತಾರೆ, ಆಮೇಲೆ ಬೀಗ. ಅದೇ ಚೇಂಬರಿನಲ್ಲಿ ಪ್ರತಿ ವರ್ಷ ಮತ್ತೆ ಅಳೆದರೂ ಅದೇ ತಪ್ಪು ಅಂಕಿ ನಿಷ್ಠೆಯಿಂದ ಹಾಜರಾಗುತ್ತದೆ. ಅಂಕಿ ವರ್ಷವರ್ಷವೂ ಒಂದೇ ಬರುವುದಕ್ಕೂ ಅಂಕಿ ಸರಿಯಿರುವುದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಾನು ಮೆಡಿಕಲ್ ಫಿಸಿಕ್ಸ್ ಓದುತ್ತಿದ್ದೇನೆ. 5ರಿಂದ 15 ಮಿ.ಮೀ. ಕೋನುಗಳ ಔಟ್‌ಪುಟ್ ಫ್ಯಾಕ್ಟರ್ ಅಳೆಯುವ ಕ್ರಮವನ್ನು ಪಠ್ಯದಲ್ಲಿ ಸೂತ್ರವಾಗಿ ಕೊಟ್ಟಿದ್ದಾರೆ. ಕೈಯಲ್ಲಿ ಮಾಡುವಾಗ ಏನೇನು ನೋಡಬೇಕು? – ಚಿಕ್ಕಮಗಳೂರಿನ ವಿದ್ಯಾರ್ಥಿನಿ

ಉತ್ತರ: ಸೂತ್ರ ನಿಮ್ಮ ಬಳಿ ಇರುವುದರಿಂದ ಕೈಕೆಲಸಕ್ಕೇ ಬರೋಣ. ಆಧಾರ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ ಸೇರಿ 2017ರಲ್ಲಿ ಹೊರತಂದ ಟಿಆರ್‌ಎಸ್-483 ಎಂಬ ಕಾರ್ಯಸೂಚಿ. ಅದರ ಕೋಷ್ಟಕಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಡಿಟೆಕ್ಟರ್ ಆಯ್ಕೆ ಮೊದಲು. ಒಂದೇ ಒಂದನ್ನು ನಂಬಬೇಡಿ. ಬೇರೆ ಬೇರೆ ಜಾತಿಯ ಎರಡು, ಸಾಧ್ಯವಾದರೆ ಮೂರು. ಕವಚವಿಲ್ಲದ ಡಯೋಡ್ ಒಂದು, ಸಿಂಥೆಟಿಕ್ ಡೈಮಂಡ್ ಒಂದು, ಕಿರಣ ಬಿದ್ದಲ್ಲಿ ಬಣ್ಣ ಗಾಢವಾಗುವ ರೇಡಿಯೋಕ್ರೋಮಿಕ್ ಫಿಲ್ಮ್ ಒಂದು ಇದ್ದರೆ ಒಳ್ಳೆಯ ಕೂಟ. ಮೈಕ್ರೋಡೈಮಂಡ್‌ನ ಸಂವೇದಿ ಬಿಲ್ಲೆಯ ತ್ರಿಜ್ಯ 1.1 ಮಿ.ಮೀ., ದಪ್ಪ ಬರೀ 1 ಮೈಕ್ರೋಮೀಟರ್. ಪಿನ್‌ಪಾಯಿಂಟ್ ಎಂಬ ಪುಟ್ಟ ಅಯಾನ್ ಚೇಂಬರ್ 15 ಮಿ.ಮೀ. ಕೋನಿಗೆ ನಡೆದೀತು, 5 ಮಿ.ಮೀ.ಗೆ ಬೇಡ. ನೆನಪಿಡುವ ನಿಯಮ: ಯಾವುದಾದರೂ ಡಿಟೆಕ್ಟರಿಗೆ ಬೇಕಾಗುವ ತಿದ್ದುಪಡಿ 5% ದಾಟಿದರೆ ಆ ಗಾತ್ರಕ್ಕೆ ಅದನ್ನು ಬಳಸಬೇಡಿ. ಕೋಷ್ಟಕದಲ್ಲಿ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಅಂದಾಜಿನಿಂದ ಅಂಕಿ ತುಂಬುವುದು ಅಪರಾಧಕ್ಕೆ ಸಮ.

ನೀರಿನ ತೊಟ್ಟಿ ತುಂಬಿ, ನೀರು ಕೋಣೆಯ ಉಷ್ಣತೆಗೆ ಬರುವವರೆಗೆ ಬಿಡಿ. ನೀರಿನ ಮೇಲ್ಮೈ ಮೂಲದಿಂದ 90 ಸೆಂ.ಮೀ., ಡಿಟೆಕ್ಟರ್ 10 ಸೆಂ.ಮೀ. ಆಳದಲ್ಲಿ. ಇಡೀ ದಿನದ ಕೆಲಸದಲ್ಲಿ ನೀರು ಆವಿಯಾಗಿ ಒಂದೆರಡು ಮಿಲಿಮೀಟರ್ ಇಳಿಯುವುದುಂಟು; ಮಧ್ಯಾಹ್ನ ಒಮ್ಮೆ ಮಟ್ಟ ನೋಡಿ. ಡಯೋಡ್, ಡೈಮಂಡ್ ಎರಡನ್ನೂ ಕಾಂಡ ಕಿರಣದ ನೇರಕ್ಕೆ ಬರುವಂತೆ ನಿಲ್ಲಿಸಿ. ಅಡ್ಡ ಮಲಗಿಸಿದರೆ ಸಪೂರ ಬಿಲ್ಲೆಯ ಪ್ರಯೋಜನವೂ ಹೋಯಿತು, ಕೋಷ್ಟಕದ ತಿದ್ದುಪಡಿಯೂ ಅನ್ವಯಿಸುವುದಿಲ್ಲ. ಡೈಮಂಡ್‌ಗೆ ಮೊದಲು 5 ಗ್ರೇಯಷ್ಟು ಕಿರಣ ಕೊಟ್ಟು "ಎಚ್ಚರಿಸಿ". ಕೋನಿನ ಹಿಂದಿನ "ಜಾ"ಗಳನ್ನು, ಅಂದರೆ ಕಿರಣದ ಅಗಲ ಹೊಂದಿಸುವ ಲೋಹದ ಬಾಗಿಲುಗಳನ್ನು, ತಯಾರಕರು ಹೇಳಿದ ಅಳತೆಗೇ ಇಟ್ಟು, ಪ್ಲಾನಿಂಗ್ ಸಿಸ್ಟಮ್‌ನಲ್ಲೂ ಅದೇ ಅಳತೆ ನಮೂದಾಗಿದೆಯೇ ಎಂದು ನೋಡಿ. ಜಾ ಬದಲಾದರೆ ಔಟ್‌ಪುಟ್ಟೂ ಬದಲಾಗುತ್ತದೆ.

ಈಗ ನಿಜವಾದ ತಲೆನೋವು: ನಡುಬಿಂದು ಹಿಡಿಯುವುದು. ಲೇಸರ್ ಗೆರೆಗೆ, ಬೆಳಕಿನ ಶಿಲುಬೆಗೆ ಹೊಂದಿಸಿದರೆ ಸಾಲದು. ಮೇಲಿನ ಗೌಸಿಯನ್ ಲೆಕ್ಕವನ್ನೇ ಮುಂದುವರಿಸಿ: 5 ಮಿ.ಮೀ. ಕಿರಣದಲ್ಲಿ ಡಿಟೆಕ್ಟರ್ ಅರ್ಧ ಮಿ.ಮೀ. ಸರಿದರೆ 3%, ಒಂದು ಮಿ.ಮೀ. ಸರಿದರೆ 10% ಕಡಿಮೆ. ಆದ್ದರಿಂದ ಕಿರಣವನ್ನೇ ಕೇಳಬೇಕು. ಉದ್ದಕ್ಕೂ ಅಡ್ಡಕ್ಕೂ 0.1–0.2 ಮಿ.ಮೀ. ಹೆಜ್ಜೆಯಲ್ಲಿ ನಿಧಾನ ಸ್ಕ್ಯಾನ್ ಮಾಡಿ, ಎರಡೂ ಕಡೆಯ 50% ಬಿಂದುಗಳ ನಟ್ಟನಡುವೆ ಡಿಟೆಕ್ಟರ್ ತನ್ನಿ. ಆಮೇಲೆ 20 ಸೆಂ.ಮೀ. ಆಳದಲ್ಲಿ ಮತ್ತೆ ಅದನ್ನೇ ಮಾಡಿ. ಎರಡು ಆಳದಲ್ಲಿ ನಡುಬಿಂದು ಬೇರೆ ಬಂದರೆ ಗ್ಯಾಂಟ್ರಿಯೋ (ಯಂತ್ರದ ತಿರುಗುವ ತೋಳು) ತೊಟ್ಟಿಯೋ ವಾಲಿದೆ. ವಾಲಿಕೆ ಸರಿಪಡಿಸದೆ ಆಳ-ಡೋಸ್ ರೇಖೆ ತೆಗೆದರೆ, ಆಳಕ್ಕೆ ಹೋದಂತೆ ಡಿಟೆಕ್ಟರ್ ಕಿರಣದಿಂದ ಆಚೆ ಜಾರಿ, ಕಿರಣ ಬೇಗ ಕುಗ್ಗಿದಂತೆ ಕಾಣುತ್ತದೆ. ಸ್ಕ್ಯಾನ್ ಮಾಡುವಾಗ ರೆಫರೆನ್ಸ್ ಡಿಟೆಕ್ಟರನ್ನು ಸಣ್ಣ ಕಿರಣದೊಳಗೆ ತೂರಿಸಬೇಡಿ, ಅದರ ನೆರಳೇ ಬೀಳುತ್ತದೆ. ಟ್ರಾನ್ಸ್‌ಮಿಷನ್ ಚೇಂಬರ್ ಬಳಸಿ, ಇಲ್ಲವೇ ಪ್ರತಿ ಬಿಂದುವಿನಲ್ಲಿ ನಿಂತು ಅಳೆಯಿರಿ.

ಓದುವ ಸರದಿ: ಮೊದಲು 10×10, ಆಮೇಲೆ 4×4 ಸೆಂ.ಮೀ., ಆಮೇಲೆ ಕೋನುಗಳು ದೊಡ್ಡದರಿಂದ ಸಣ್ಣದಕ್ಕೆ, ಕೊನೆಗೆ ಮತ್ತೆ 4×4. ಪ್ರತಿ ಸಲ 200 ಮಾನಿಟರ್ ಯೂನಿಟ್ (ಯಂತ್ರ ಹರಿಸುವ ಕಿರಣದ ಲೆಕ್ಕ), ಕನಿಷ್ಠ ಮೂರು ಓದು. ಕೊನೆಯ 4×4 ಓದು ಮೊದಲಿನದಕ್ಕಿಂತ 0.5%ಕ್ಕೂ ಹೆಚ್ಚು ಸರಿದಿದ್ದರೆ ನಡುವೆ ಏನೋ ಕದಲಿದೆ. ಆ ಸರಣಿಯನ್ನೇ ಬಿಡಿ. ಪ್ರತಿ ಕೋನ್ ಬದಲಿಸಿದಾಗಲೂ ನಡುಬಿಂದು ಮತ್ತೆ ಹಿಡಿಯಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

4×4 ಏಕೆ ಎಂದರೆ, ಡಯೋಡ್ ದೊಡ್ಡ ಕಿರಣದಲ್ಲಿ ಚದುರಿದ ಕಡಿಮೆ ಶಕ್ತಿಯ ಫೋಟಾನುಗಳಿಗೆ ಹಿಗ್ಗುತ್ತದೆ, ಚೇಂಬರ್ ಸಣ್ಣ ಕಿರಣದಲ್ಲಿ ಕುಗ್ಗುತ್ತದೆ. ಇಬ್ಬರೂ ಸರಿಯಾಗಿ ನಡೆದುಕೊಳ್ಳುವ ನಡುವಿನ ಗಾತ್ರದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುತ್ತೇವೆ. ಅಂಕಿಗಳಲ್ಲಿ, ಉದಾಹರಣೆಗೆ ಮಾತ್ರ: ಡಯೋಡಿನಲ್ಲಿ 5 ಮಿ.ಮೀ. ಕೋನಿಗೂ 4×4ಕ್ಕೂ ಇರುವ ಅನುಪಾತ 0.720. ಚೇಂಬರಿನಲ್ಲಿ 4×4ಕ್ಕೂ 10×10ಕ್ಕೂ ಇರುವ ಅನುಪಾತ 0.870. ಕೋಷ್ಟಕದಿಂದ ಡಯೋಡಿನ ತಿದ್ದುಪಡಿ 0.965. ಮೂರನ್ನೂ ಗುಣಿಸಿದರೆ 0.604. ತಿದ್ದುಪಡಿ ಮರೆತರೆ 0.626 ಬರುತ್ತದೆ, ಆಗ ಟುಲೂಸ್‌ಗೆ ಉಲ್ಟಾ, ರೋಗಿಗೆ ಮೂರೂವರೆ ಶೇಕಡಾ ಕಡಿಮೆ.

ತಿದ್ದುಪಡಿಯನ್ನು ಹುಡುಕುವಾಗ ಕೋನಿನ ಮೇಲೆ ಕೆತ್ತಿದ ಅಂಕಿ ನೋಡಿ ಹುಡುಕಬೇಡಿ. ನೀವೇ ಅಳೆದ ಅರ್ಧ-ಎತ್ತರದ ಅಗಲದಿಂದ ಹುಡುಕಿ. ಕಿರಣ ದುಂಡಗಿಲ್ಲದೆ ಆಯತವಾಗಿದ್ದರೆ ಎರಡು ಅಗಲಗಳ ಗುಣಲಬ್ಧದ ವರ್ಗಮೂಲ.

ಫಿಲ್ಮಿನ ಕೆಲಸ ಬೇರೆ ದಿನ ಮಾಡಿ. ಕಿರಣ ಕೊಟ್ಟ ಮೇಲೆ 24 ಗಂಟೆ ಕಾದು ಸ್ಕ್ಯಾನ್ ಮಾಡಬೇಕು. ಕ್ಯಾಲಿಬ್ರೇಷನ್ ತುಂಡುಗಳೂ ಅಳತೆಯ ತುಂಡುಗಳೂ ಒಂದೇ ಪೆಟ್ಟಿಗೆಯವು, ಸ್ಕ್ಯಾನರಿನ ಮೇಲೆ ಒಂದೇ ದಿಕ್ಕಿಗೆ, ಗಾಜಿನ ನಡುಭಾಗದಲ್ಲಿ. ದಿಕ್ಕು ತಿರುಗಿದರೆ ಅಂಕಿಯೂ ತಿರುಗುತ್ತದೆ. 72 ಡಿಪಿಐಯಲ್ಲಿ ಒಂದು ಚುಕ್ಕೆ 0.35 ಮಿ.ಮೀ.; 5 ಮಿ.ಮೀ. ಕೋನಿಗೆ ಅದರ ಎರಡು ಪಟ್ಟು ಸೂಕ್ಷ್ಮ ಇಡಿ.

ಎರಡು ಡಿಟೆಕ್ಟರ್ 2%ರೊಳಗೆ ಹೊಂದಿದರೆ ಸಮಾಧಾನ. 3–4% ಬೇರೆಯಾದರೆ ಸರಾಸರಿ ತೆಗೆದು ಮುಗಿಸಿಬಿಡುವ ಆಸೆ ಬರುತ್ತದೆ. ಮಾಡಬೇಡಿ. ಎರಡರಲ್ಲಿ ಒಂದು ತಪ್ಪಿದೆ, ಬಹುತೇಕ ಸಲ ನಡುಬಿಂದುವೇ. ಕೊನೆಗೆ, ಅದೇ ಮಾದರಿಯ ಯಂತ್ರ ಇರುವ ಬೇರೆ ಕೇಂದ್ರದ ಅಂಕಿಗಳ ಪಕ್ಕದಲ್ಲಿ ನಿಮ್ಮದನ್ನು ಇಡಿ. ಟುಲೂಸ್‌ನ ತಪ್ಪು ಹೊರಬಿದ್ದದ್ದೂ ಬೇರೆ ಕೇಂದ್ರಗಳ ಅಂಕಿಗಳ ಜೊತೆ ಹೋಲಿಸಿದಾಗಲೇ.

ಪ್ರಶ್ನೆ: ಅಯಾನ್ ಚೇಂಬರಿನ ಓದನ್ನು ಗಾಳಿಯ ಒತ್ತಡಕ್ಕೆ ತಿದ್ದಬೇಕು ಎಂದು ಓದಿದೆ. ಮೊಬೈಲಿನ ಹವಾಮಾನ ಆ್ಯಪ್ ಹಾಸನಕ್ಕೆ 1012 ಮಿಲಿಬಾರ್ ತೋರಿಸುತ್ತದೆ, ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಘಟ್ಟದ ಮೇಲೂ ಕೆಳಗೂ ತಿದ್ದುಪಡಿ ಒಂದೇ ಅಲ್ಲವೇ? – ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ಅಲ್ಲ, ಮತ್ತು ಈ ಬಲೆಗೆ ವೃತ್ತಿಯವರೇ ಬಿದ್ದಾರು. ಆ್ಯಪ್ ಹೇಳುವುದು "ಸಮುದ್ರಮಟ್ಟಕ್ಕೆ ಇಳಿಸಿದ" ಒತ್ತಡ, ಊರೂರನ್ನು ನಕ್ಷೆಯ ಮೇಲೆ ಹೋಲಿಸಲು ಅನುಕೂಲವಾಗಲಿ ಎಂದು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಕೋಣೆಯೊಳಗಿನ ನಿಜವಾದ ಒತ್ತಡ ಸುಮಾರು 90.4 ಕಿಲೋಪಾಸ್ಕಲ್, ಅಂದರೆ 904 ಮಿಲಿಬಾರ್. ಚಿಕ್ಕಮಗಳೂರು ಇನ್ನೂ ಮೇಲೆ, ಅಲ್ಲಿ 89ರ ಸುಮಾರು. ಒತ್ತಡ ಕಡಿಮೆ ಎಂದರೆ ಚೇಂಬರಿನ ಗೂಡಿನಲ್ಲಿ ಗಾಳಿಯ ಅಣುಗಳು ಕಡಿಮೆ, ಅಯಾನುಗಳು ಕಡಿಮೆ, ಓದು ಕಡಿಮೆ.

ತಿದ್ದುಪಡಿಯ ಲೆಕ್ಕ ಸರಳ. ಉಷ್ಣತೆಗೆ 273.2 ಕೂಡಿಸಿ 293.2ರಿಂದ ಭಾಗಿಸಿ, ಅದನ್ನು 101.325 ಭಾಗಿಸು ನಿಜ ಒತ್ತಡ ಎಂಬುದರಿಂದ ಗುಣಿಸಿ. 22 ಡಿಗ್ರಿಯಲ್ಲಿ, ಮಂಗಳೂರಿನ ಸಮುದ್ರತೀರದಲ್ಲಿ 1.007 ಬರುತ್ತದೆ. ಹಾಸನದಲ್ಲಿ 1.128. ಹಾಸನದಲ್ಲಿ ಕುಳಿತು ಆ್ಯಪಿನ ಒತ್ತಡ ಹಾಕಿದರೆ ಡೋಸ್ 11% ಕಡಿಮೆ ಕಾಣುತ್ತದೆ. ಅದನ್ನು ನಂಬಿ ಯಂತ್ರವನ್ನು ಹೊಂದಿಸಿದರೆ ಎಲ್ಲ ರೋಗಿಗಳಿಗೂ 12% ಹೆಚ್ಚು. ಇದು ಸಣ್ಣ ಕಿರಣಕ್ಕಷ್ಟೇ ಅಲ್ಲ, ಪ್ರತಿಯೊಂದು ಕಿರಣಕ್ಕೂ. ಕೋಣೆಯಲ್ಲೇ ಇಟ್ಟ, ಪ್ರಮಾಣೀಕರಿಸಿದ ಬ್ಯಾರೋಮೀಟರ್ ಒಂದೇ ದಾರಿ. ತರಗತಿಗೆ ಒಳ್ಳೆಯ ಪಾಠವಾದೀತು: ಚಾರ್ಮಾಡಿ ಹತ್ತುವಾಗ ಕಿವಿ ಕಟ್ಟುವುದೇ ಇದರ ಸಾಕ್ಷಿ.

ಅನುಪಾತ ತೆಗೆಯುವಾಗ ಎರಡೂ ಓದಿಗೆ ಒಂದೇ ತಿದ್ದುಪಡಿ ಬಿದ್ದು ಹೊಡೆದುಹೋಗುತ್ತದೆ, ಡಯೋಡ್-ಡೈಮಂಡ್‌ಗಳಿಗೆ ಒತ್ತಡದ ಹಂಗೇ ಇಲ್ಲ. ತೊಂದರೆ ಇರುವುದು ಬುಡದ ಕ್ಯಾಲಿಬ್ರೇಷನ್‌ನಲ್ಲಿ.

ಪ್ರಶ್ನೆ: ಗಾಮಾ ನೈಫ್‌ನಲ್ಲಿರುವ ಕೋಬಾಲ್ಟ್ ಹಳೆಯದಾದರೆ ಕಿರಣದ ಶಕ್ತಿ ಕುಂದುವುದಿಲ್ಲವೇ? – ಬೇಲೂರು

ಉತ್ತರ: ಕೋಬಾಲ್ಟ್ ಮೂಲಗಳ ಕಿರಣದಿಂದಲೇ ರೇಡಿಯೋಸರ್ಜರಿ ಮಾಡುವ ಈ ಯಂತ್ರದಲ್ಲಿ ಕಿರಣ ವಿರಳವಾಗುತ್ತದೆ, ಮೊನಚು ಕುಂದುವುದಿಲ್ಲ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ತಿಂಗಳಿಗೆ ಸುಮಾರು 1% ಇಳಿಯುತ್ತದೆ. ಹೊಸತರಲ್ಲಿ 20 ನಿಮಿಷ ಹಿಡಿದ ಚಿಕಿತ್ಸೆ ಐದೂಕಾಲು ವರ್ಷದ ನಂತರ 40 ನಿಮಿಷ. ಕಂಪ್ಯೂಟರ್ ದಿನಾಂಕ ನೋಡಿ ಲೆಕ್ಕ ಹಾಕುವುದರಿಂದ, ಅದರ ಗಡಿಯಾರ-ಕ್ಯಾಲೆಂಡರ್ ಸರಿಯಿರಬೇಕು ಅಷ್ಟೆ. ಗಾಮಾ ನೈಫ್‌ನಲ್ಲೂ ಸಣ್ಣ ಕಿರಣ ಸತಾಯಿಸಿದ್ದುಂಟು: ಹಳೆಯ, 201 ಮೂಲಗಳ ಮಾದರಿಗಳಲ್ಲಿ ಕಿರಣಗಳನ್ನು ಕಿರಿದಾಗಿಸುವ 4 ಮಿ.ಮೀ. ಹೆಲ್ಮೆಟ್‌ನ ಔಟ್‌ಪುಟ್ ಫ್ಯಾಕ್ಟರ್ ವರ್ಷಗಟ್ಟಲೆ 0.80 ಎಂದಿತ್ತು. 1990ರ ದಶಕದ ಕೊನೆಯಲ್ಲಿ ಅದನ್ನು 0.87ಕ್ಕೆ ತಿದ್ದಿದರು. ಯಂತ್ರ ಬದಲಾಗಲಿಲ್ಲ, ಅಳತೆ ಸುಧಾರಿಸಿತು. 192 ಮೂಲಗಳ ಪರ್ಫೆಕ್ಷನ್ ಮಾದರಿಯಲ್ಲಿ 4 ಮಿ.ಮೀ.ಗೆ 0.814.

ಪ್ರಶ್ನೆ: ಡೋಸ್ ಸರಿಯಿದ್ದು ಜಾಗ ತಪ್ಪಿದರೆ? ವಿನ್‌ಸ್ಟನ್-ಲುಟ್ಜ್ ಪರೀಕ್ಷೆ ಪಾಸಾದರೆ ಸಾಕೇ? – ರೇಡಿಯೋಥೆರಪಿ ಟೆಕ್ನಾಲಜಿ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಬೇಕು, ಸಾಲದು. ಬಾಸ್ಟನ್ನಿನಲ್ಲಿ 1988ರ ಹೊತ್ತಿಗೆ ರೂಪುಗೊಂಡ ಈ ಪರೀಕ್ಷೆಯಲ್ಲಿ 5–8 ಮಿ.ಮೀ. ಲೋಹದ ಗುಂಡನ್ನು ಲೇಸರ್‌ಗೆ ಹೊಂದಿಸಿ ನಿಲ್ಲಿಸಿ, ಗ್ಯಾಂಟ್ರಿ, ಕೊಲಿಮೇಟರ್, ಮಂಚ ಮೂರನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಚಿತ್ರ ತೆಗೆಯುತ್ತಾರೆ. ದುಂಡು ಕಿರಣದ ನಡುವೆ ಗುಂಡಿನ ನೆರಳು ಎಲ್ಲ ಚಿತ್ರಗಳಲ್ಲೂ ಕೇಂದ್ರದಲ್ಲಿರಬೇಕು, 1 ಮಿ.ಮೀ. ದಾಟಿದರೆ ಚಿಕಿತ್ಸೆ ಆರಂಭಿಸುವುದಿಲ್ಲ. ಗ್ಯಾಂಟ್ರಿಯ ತಲೆ ಟನ್‌ಗಟ್ಟಲೆ ತೂಕದ್ದಾದ್ದರಿಂದ ತಿರುಗುವಾಗ ತುಸು ಜೋಲುತ್ತದೆ. ಆದರೆ ಹೆಚ್ಚಾಗಿ ಕೈಕೊಡುವುದು ಮಂಚ. ಮಂಚದ ಕೋನ ಬಿಟ್ಟು ಬರೀ ಗ್ಯಾಂಟ್ರಿ ತಿರುಗಿಸಿ "ಪಾಸ್" ಎಂದು ಬರೆಯುವ ಅಭ್ಯಾಸ ಕಲಿಯಬೇಡಿ.

ಇದು ಯಂತ್ರದ ಮಾತು. ಗಡ್ಡೆ ಎಲ್ಲಿದೆ ಎಂದು ಹೇಳುವುದು ಎಂಆರ್‌ಐ. ಅದರ ಚಿತ್ರ ಅಂಚುಗಳಲ್ಲಿ ತುಸು ತಿರುಚಿರುತ್ತದೆ, ಅದನ್ನು ಸಿಟಿ ಚಿತ್ರದ ಮೇಲೆ ಕೂರಿಸುವಾಗಲೂ ಜಾರಬಹುದು. ಎರಡೂ ಸ್ಕ್ಯಾನಿನ ಪದರದ ದಪ್ಪ 1 ಮಿ.ಮೀ. ಆಸುಪಾಸು ಇರಬೇಕು, 3 ಮಿ.ಮೀ. ಪದರದ ಚಿತ್ರದಲ್ಲಿ ಗುರುತಿಸಿದ ಗಡ್ಡೆಗೆ 0.5 ಮಿ.ಮೀ. ನಿಖರತೆಯ ಯಂತ್ರ ಏನೂ ಸಹಾಯ ಮಾಡದು. ಹಾಗಾಗಿ ಸರಪಣಿಯನ್ನು ಒಟ್ಟಾಗಿ ಪರೀಕ್ಷಿಸಬೇಕು: ರೋಗಿಯ ಬದಲಿಗೆ ಬಳಸುವ ತಲೆಯಾಕಾರದ ಫ್ಯಾಂಟಮ್‌ನೊಳಗೆ ಫಿಲ್ಮ್ ಇಟ್ಟು, ರೋಗಿಯಂತೆಯೇ ಮುಖವಾಡ ಹಾಕಿ, ಸ್ಕ್ಯಾನ್ ಮಾಡಿ, ಪ್ಲಾನ್ ಮಾಡಿ, ಕಿರಣ ಕೊಟ್ಟು, ಫಿಲ್ಮಿನ ಕಲೆ ಪ್ಲಾನಿನ ಜಾಗದಿಂದ 1 ಮಿ.ಮೀ. ಒಳಗೆ, ಡೋಸ್ 5% ಒಳಗೆ ಬಂತೇ ಎಂದು ನೋಡುವುದು. ಇದಕ್ಕೆ ಎಂಡ್-ಟು-ಎಂಡ್ ಪರೀಕ್ಷೆ ಎನ್ನುತ್ತಾರೆ.

ಪ್ರಶ್ನೆ: ಮೆದುಳಿಗೆ ಸರಿ. ಶ್ವಾಸಕೋಶದ ಸಣ್ಣ ಗಡ್ಡೆಗೂ ಇದೇ ಲೆಕ್ಕವೇ? – ಕಡೂರು

ಉತ್ತರ: ಅಲ್ಲಿ ಇನ್ನೂ ಕಠಿಣ. ಶ್ವಾಸಕೋಶದ ಸಾಂದ್ರತೆ ನೀರಿನ ಕಾಲು ಭಾಗ ಚಿಲ್ಲರೆ, ಆದ್ದರಿಂದ ಎಲೆಕ್ಟ್ರಾನುಗಳು ಮೂರ್ನಾಲ್ಕು ಪಟ್ಟು ದೂರ ಓಡುತ್ತವೆ. ನೀರಿನಲ್ಲಿ "ದೊಡ್ಡದು" ಎನಿಸಿದ 3 ಸೆಂ.ಮೀ. ಕಿರಣ ಅಲ್ಲಿ ಸಣ್ಣದಾಗಿಬಿಡುತ್ತದೆ. ಪೆನ್ಸಿಲ್ ಬೀಮ್ ಎಂಬ ಹಳೆಯ ಲೆಕ್ಕಪದ್ಧತಿಗೆ ಇದು ಗೊತ್ತಾಗುವುದಿಲ್ಲ. ಗಡ್ಡೆಯ ಅಂಚಿಗೆ ನಿಜವಾಗಿ ಬೀಳುವುದಕ್ಕಿಂತ ಹೆಚ್ಚು ಡೋಸ್ ತೋರಿಸುತ್ತದೆ. ಒಂದೊಂದು ಕಣದ ಹಾದಿಯನ್ನೂ ಲೆಕ್ಕ ಹಾಕುವ ಮಾಂಟೆ ಕಾರ್ಲೊ ಅಥವಾ ಅದಕ್ಕೆ ಸಮೀಪದ ಪದ್ಧತಿ ಬೇಕು. ಮೆದುಳಿನಲ್ಲಿ ಈ ಅಂತರ ಕಡಿಮೆ. ಆದರೆ ಮೂಗಿನ ಸೈನಸ್ ಗೂಡುಗಳ ಪಕ್ಕ ಎಚ್ಚರ. ಎಲ್ಲೇ ಆಗಲಿ, ಲೆಕ್ಕದ ಜಾಲರಿಯನ್ನು 2.5 ಮಿ.ಮೀ.ಗೆ ಬಿಟ್ಟು 5 ಮಿ.ಮೀ. ಕಿರಣದ ಪ್ಲಾನ್ ಮಾಡುವುದೆಂದರೆ ಗೋಣಿಚೀಲದಲ್ಲಿ ಹಿಟ್ಟು ಜರಡಿ ಹಿಡಿದ ಹಾಗೆ. 1 ಮಿ.ಮೀ. ಇರಲಿ.

ಪ್ರಶ್ನೆ: ನಾವು ಇದೆಲ್ಲ ತಿಳಿದವರಲ್ಲ. ಆಸ್ಪತ್ರೆಯಲ್ಲಿ ಏನು ಕೇಳಬಹುದು? ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲವೇ? – ಚನ್ನರಾಯಪಟ್ಟಣ

ಉತ್ತರ: ಕೇಳಿ, ಸರಿಯಾಗಿ ಕೆಲಸ ಮಾಡುವವರು ಇಂಥ ಪ್ರಶ್ನೆಗೆ ಖುಷಿಯಿಂದಲೇ ಉತ್ತರಿಸುತ್ತಾರೆ. ಮೆಡಿಕಲ್ ಫಿಸಿಸಿಸ್ಟ್ ಯಾರು, ಅವರ ಜೊತೆ ಎರಡು ನಿಮಿಷ ಮಾತಾಡಬಹುದೇ ಎಂದು ಕೇಳಿ. ರೇಡಿಯೋಥೆರಪಿ ಇರುವ ಪ್ರತಿ ಆಸ್ಪತ್ರೆಗೂ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರಲೇಬೇಕು, ಅರ್ಹ ಫಿಸಿಸಿಸ್ಟ್ ಇರಲೇಬೇಕು. ಅವರನ್ನು ಮೂರು ಮಾತು ಕೇಳಿದರೆ ಸಾಕು: ಸಣ್ಣ ಕಿರಣಗಳನ್ನು ಎರಡು ಬಗೆಯ ಡಿಟೆಕ್ಟರಿನಲ್ಲಿ ಅಳೆದಿದ್ದೀರಾ? ಎಂಡ್-ಟು-ಎಂಡ್ ಪರೀಕ್ಷೆ ಮಾಡಿದ್ದೀರಾ? ನಮ್ಮ ಪ್ಲಾನನ್ನು ಮಾಡಿದವರಲ್ಲದೆ ಇನ್ನೊಬ್ಬರು ಬೇರೆಯಾಗಿ ಲೆಕ್ಕ ಹಾಕಿ ನೋಡುತ್ತಾರಾ?

ಕೊನೆಯ ಪ್ರಶ್ನೆ ಕ್ಷುಲ್ಲಕ ಎನಿಸಬಹುದು. ಫ್ರಾನ್ಸಿನಲ್ಲೇ 2004ರಲ್ಲಿ ಕೋನಿನ ಹಿಂದಿನ "ಜಾ"ಗಳನ್ನು "40 × 40" ಇಡಬೇಕಿತ್ತು. ಹೇಳಿದವರ ಮನಸ್ಸಿನಲ್ಲಿದ್ದದ್ದು ಮಿಲಿಮೀಟರ್, ಕೇಳಿದವರು ಇಟ್ಟದ್ದು ಸೆಂಟಿಮೀಟರ್. ಕೋನಿನ ಸುತ್ತಲಿನಿಂದ ಕಿರಣ ಸೋರಿ ಬೇಡದ ಜಾಗಕ್ಕೆಲ್ಲ ಬಿತ್ತು. ಎರಡನೇ ಜೋಡಿ ಕಣ್ಣು ಇರಬೇಕಾದದ್ದು ಇಂಥ ಕಡೆಯೇ.

ನಿಮ್ಮ ಕಡೆಯಿಂದ ಆಗಬೇಕಾದ್ದೂ ಒಂದಿದೆ. ಪ್ಲಾನಿಗೆ ಹೊಸ ಎಂಆರ್‌ಐ ಬೇಕು ಎಂದರೆ, ಮೂರು ತಿಂಗಳ ಹಿಂದಿನ ಸಿ.ಡಿ. ಕೊಟ್ಟು ಇದೇ ಸಾಕಲ್ಲವೇ ಎಂದು ಒತ್ತಾಯಿಸಬೇಡಿ. ಅಷ್ಟರಲ್ಲಿ ಗಡ್ಡೆ 2 ಮಿ.ಮೀ. ಬೆಳೆದಿದ್ದರೆ ಆ ಹಳೆಯ ಚಿತ್ರಕ್ಕೆ ಅದು ಗೊತ್ತಿರುವುದಿಲ್ಲ.